ಹೆಬ್ಬೆರಳಿನ ಸಾಕ್ಷಿ

ಮೂರನೆಯ ರೋಗಿಯ ಮುಖವೂ ಸೊಟ್ಟಗಾಗಿದೆ ಎಂಬುದು ನೀಲಾಂಬಿಕಾ ಹೂಗಾರಳಿಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ. ಆಪರೇಶನ್ ಥಿಯೇಟರಿನ ನರ್ಸ್ ಸುವಾರ್ತಾ ಚಹಾದ ಕಪ್ಪು ಹಿಡಿದು ಬಂದು ಅವಳ ಎದುರಿಗೆ ಕೂತು, ಅತ್ತಿತ್ತ ನೋಡಿ ದನಿ ಇಳಿಸಿದಳು.

“ಅಕ್ಕಾರ, ಹೋದ ವಾರ ನವಲಗುಂದದ ಮಾಸ್ತರ್ ಇದ್ರಲ್ರಿ, ಅವರ ಎಡಗಣ್ಣು ಮುಚ್ಚವಲ್ದು. ನೀರು ಕುಡಿದ್ರ ಬಾಯಿ ಒಂದ್ ಬಾಜೂಲೆ ಸುರೀತೈತಿ.”

“ಹೆಂಗ ಸಾಧ್ಯ? ಏಳು ತಾಸು ನಾನ ಕುಂತು ನೋಡೇನಿ. ಗೆರಿ ಒಂದ್ ಸಲಾನೂ ಅಲುಗಿಲ್ಲ.”

“ಡಾಕ್ಟರೂ ಅದನ್ನ ಅಂದ್ರು. ‘ಸಾಕ್ಷಿ’ ಕಡೀತನಕ ಹಸಿರು ತೋರಿಸೈತಿ, ಆಮ್ಯಾಲೆ ಒಳಗ ಬಾವು ಬಂದಿರಬೇಕು ಅಂತ.”

ಎರಡು ತಿಂಗಳಲ್ಲಿ ಇದು ಮೂರನೆಯದು. ಮೂವರದೂ ಒಂದೇ ಜಾತಿಯ ಗಡ್ಡೆ. ಮೂರು ಸಲವೂ ಹಸಿರು ಗೆರೆ, ಮೂರು ಸಲವೂ ‘ಆಮೇಲೆ ಬಂದ ಬಾವು’. ನೀಲಾ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಅವಳ ಕೆಲಸ ನರಗಳ ಮೇಲೆ ನಿಗಾ ಇಡುವುದು. ಕಿವಿಯ ಹಿಂದೆ, ತಲೆಬುರುಡೆಯ ತಳದಲ್ಲಿ, ಕೇಳಿಸುವ ನರದ ಮೇಲೆ ಕೆಲವರಿಗೆ ಒಂದು ಗಡ್ಡೆ ಬೆಳೆಯುತ್ತದೆ. ಅದು ಕ್ಯಾನ್ಸರಲ್ಲ. ಆದರೆ ಬೆಳೆಯುತ್ತ ಹೋದಂತೆ ಉಸಿರು, ನುಂಗುವಿಕೆ, ನಡಿಗೆ ಎಲ್ಲವನ್ನೂ ನಡೆಸುವ ಮೆದುಳಿನ ಕಾಂಡವನ್ನೇ ಒತ್ತತೊಡಗುತ್ತದೆ. ತೆಗೆಯದೆ ವಿಧಿಯಿಲ್ಲ. ತೊಂದರೆಯೆಂದರೆ, ಮುಖವನ್ನು ಆಡಿಸುವ ನರ ಅದೇ ಗಡ್ಡೆಗೆ ಅಂಟಿಕೊಂಡು, ಒದ್ದೆ ಕಾಗದದ ಹಾಗೆ ಹರಡಿಕೊಂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಗಡ್ಡೆಯ ಪೊರೆ ಯಾವುದು, ನರ ಯಾವುದು ಎಂದು ಎಷ್ಟೋ ಸಲ ತಿಳಿಯುವುದಿಲ್ಲ. ಅದಕ್ಕೇ ರೋಗಿಗೆ ಮಂಪರು ಬಂದ ಮೇಲೆ ಹುಬ್ಬು, ಕೆನ್ನೆ, ತುಟಿಗಳಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ, ನೆತ್ತಿಯ ಮೇಲಿಂದ ಕೆಲವು ಸೆಕೆಂಡಿಗೊಮ್ಮೆ ಸಣ್ಣ ವಿದ್ಯುತ್ತು ಕೊಡುತ್ತಾರೆ. ತುಟಿಯ ಸ್ನಾಯು ಉತ್ತರ ಕೊಡುತ್ತಿದ್ದರೆ ನರ ಬದುಕಿದೆ ಎಂದರ್ಥ. ಆ ಉತ್ತರ ಪರದೆಯ ಗೆರೆಯಲ್ಲಿ ಅಲೆಯಾಗಿ ಕಾಣುತ್ತದೆ, ಸ್ಪೀಕರಿನಲ್ಲಿ ಸದ್ದಾಗಿ ಕೇಳಿಸುತ್ತದೆ. ಕೈಯ ಹೆಬ್ಬೆರಳಿಗೂ ಹಾಗೆಯೇ ಒಂದು ಸೂಜಿ. ಅದರ ದಾರಿ ಬೇರೆಯಾದ್ದರಿಂದ ಹೋಲಿಸಿ ನೋಡಲು ಅನುಕೂಲ.

ಹತ್ತೊಂಬತ್ತು ವರ್ಷ ನೀಲಾ ಥಿಯೇಟರಿನ ಮೂಲೆಯಲ್ಲಿ, ವೈರುಗಳ ನಡುವೆ ಕೂತು ಆ ಉತ್ತರಗಳನ್ನು ಕಿವಿಯಿಂದ ಕೇಳಿದ್ದಳು. ರಕ್ತ ನಿಲ್ಲಿಸಲು ಸುಡುವ ಚಿಮಟ, ಗಡ್ಡೆಯನ್ನು ಪುಡಿಮಾಡಿ ಹೀರುವ ಕೊಳವೆ ಶುರುವಾದವೆಂದರೆ ಅವುಗಳ ವಿದ್ಯುತ್ತಿನ ಗದ್ದಲದಲ್ಲಿ ಪರದೆಯೆಲ್ಲ ಬಿಳಿಯಾಗುತ್ತಿತ್ತು. ಡಾಕ್ಟರು ಕೈ ತಡೆದು ಕಾಯಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ ‘ಸಾಕ್ಷಿ’ ಎಂಬ ಯಂತ್ರ ಬಂತು. ಅದು ಮೊದಲ ಅರ್ಧ ಗಂಟೆಯಲ್ಲಿ ರೋಗಿಯ ನರದ ಸ್ವಭಾವ ಕಲಿತುಕೊಂಡು, ಆಮೇಲೆ ಎಷ್ಟೇ ಗದ್ದಲವಿದ್ದರೂ ಅದರೊಳಗಿಂದ ಉತ್ತರವನ್ನು ಸೋಸಿ ತೆಗೆಯುತ್ತಿತ್ತು. ಪರದೆ ಬಿಳಿಯಾಗುವುದು ನಿಂತಿತು. ನೀಲಾಳನ್ನು ಥಿಯೇಟರಿನಿಂದ ಎಬ್ಬಿಸಿ ನಾಲ್ಕನೆಯ ಮಹಡಿಯ ನಿಗಾ ಕೋಣೆಯಲ್ಲಿ ಕೂರಿಸಿದರು. ಅಲ್ಲಿಂದ ಅವಳು ಹುಬ್ಬಳ್ಳಿಯ ಈ ಆಸ್ಪತ್ರೆಯ ಎರಡು ಥಿಯೇಟರುಗಳ ಜೊತೆಗೆ ವಿಜಯಪುರ, ಕಲಬುರಗಿಗಳ ಆಪರೇಶನ್ನುಗಳನ್ನೂ ನೋಡುತ್ತಿದ್ದಳು. ನೋಡುವುದಷ್ಟೇ. ಕೇಳುವಂಥದ್ದೇನೂ ಉಳಿದಿರಲಿಲ್ಲ.

ಅವತ್ತೇ ಅವಳು ‘ಸಾಕ್ಷಿ’ ತಯಾರಿಸಿದ ಕಂಪನಿಯ ಎಂಜಿನಿಯರ್ ನಿಶ್ಚಲನಿಗೆ ಫೋನು ಮಾಡಿದಳು.

“ಆ ಮೂರು ಆಪರೇಶನ್ನಿನ ಕಚ್ಚಾ ದಾಖಲೆ ಬೇಕು. ಸೋಸೋದಕ್ಕಿಂತ ಮೊದಲಿಂದು.”

“ಕಚ್ಚಾ ದಾಖಲೆ ಉಳಿಸಿಕೊಳ್ಳಲ್ಲ ಮೇಡಂ. ತುಂಬಾ ಜಾಗ ತಗೊಳ್ಳುತ್ತೆ.”

“ಒಂದ್ ದಿನಾನೂ?”

“ಆಪರೇಶನ್ ಮುಗಿದ ತಕ್ಷಣ ಹೋಗುತ್ತೆ.” ಅವನೇ ಮತ್ತೆ ಕೇಳಿದ. “ಯಾಕೆ ಮೇಡಂ, ಏನಾದ್ರೂ ಕಂಪ್ಲೇಂಟಾ? ಮುಂದಿನ ವರ್ಷದಿಂದ ನಿಗಾ ಕೋಣೆಗೆ ಒಬ್ಬರೇ ಸಾಕು ಅಂತ ನಿಮ್ಮ ಆಡಳಿತದವರು ಮಾತಾಡ್ತಿದ್ದಾರೆ. ಅದಕ್ಕೇನಾದ್ರೂ...”

ನೀಲಾ ಫೋನು ಇಟ್ಟಳು. ಅಂಥ ಮಾತು ನಡೆದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮರುವಾರ ಅವಳ ನಾದಿನಿ ದಾಕ್ಷಾಯಣಿ ಕೈಯಲ್ಲಿ ಸ್ಕ್ಯಾನಿನ ಚೀಲ ಹಿಡಿದು ಮನೆಗೆ ಬಂದಳು. ಗದಗ ಬಸ್ಸಿನಲ್ಲಿ ಅವಳು ಕಂಡಕ್ಟರು. ಎಡಗಡೆಯ ಸೀಟಿನವರು ಟಿಕೆಟ್ ಕೇಳಿದರೆ ಕೇಳಿಸುವುದಿಲ್ಲ ಎಂಬ ದೂರು ಆರು ತಿಂಗಳಿಂದ ಇತ್ತು. ಹೋದ ತಿಂಗಳು ಅಣ್ಣಿಗೇರಿಯ ತಿರುವಿನಲ್ಲಿ ತಲೆ ತಿರುಗಿ ಪ್ರಯಾಣಿಕರ ಮೇಲೇ ಬಿದ್ದಿದ್ದಳು.

ನೀಲಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಡಗಿವಿಯ ಹಿಂದೆ, ನಿಂಬೆಕಾಯಿಯಷ್ಟು ದಪ್ಪ, ಬಿಳಿ.

“ವೈನಿ, ನೀ ದಿನಾ ನೋಡೂದು ಇದನ್ನ ಹೌದಲ್ಲ?” ದಾಕ್ಷಾಯಣಿ ನಗಲು ನೋಡಿದಳು. “ಗಲಗಲಿ ಡಾಕ್ಟರು ಇಪ್ಪತ್ತೆರಡನೇ ತಾರೀಖಿಗೆ ಆಪರೇಶನ್ ಇಟ್ಟಾರ. ಹೊಸಾ ಮಶೀನ್ ಐತಿ, ಏನೂ ಆಗೂದಿಲ್ಲ ಅಂದ್ರು.”

ನೀಲಾ ಫಿಲ್ಮನ್ನು ಮತ್ತೆ ಚೀಲಕ್ಕೆ ಹಾಕಿದಳು. ಊಟದ ನಂತರ ದಾಕ್ಷಾಯಣಿ ಅಡ್ಡಾದ ಮೇಲೆ ಗಂಡ ಫಕೀರೇಶನಿಗೆ ಮೂವರ ಕಥೆಯನ್ನೂ ಹೇಳಿದಳು. ಫಕೀರೇಶ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಯಂತ್ರ ಸುಳ್ಳು ಹೇಳುತ್ತದೆ ಎಂದರೆ ಅವನು ಸುಲಭಕ್ಕೆ ಒಪ್ಪುವವನಲ್ಲ.

“ಮಶೀನ್ ಕೆಟ್ರ ಕೆಡತೈತಿ. ಸುಳ್ಳು ಯಾಕ ಹೇಳತೈತಿ?”

“ಅದು ಗೊತ್ತಾಗವಲ್ದು ನನಗ.”

“ನೀಲಾ, ನಾ ಒಂದ್ ಮಾತು ಅಂತೀನಿ, ಸಿಟ್ಟಾಗಬ್ಯಾಡ. ಆ ಮಶೀನ್ ಬಂದಾಗಿಂದ ನಿನಗ ಅದರ ಮ್ಯಾಲೆ ಹೊಟ್ಟಿಕಿಚ್ಚು. ನಿನ್ನ ಜಾಗಾ ಕಸಗೊಂಡೈತಿ ಅಂತ. ಅದರಾಗ ನನ್ನ ತಂಗೀನ್ನ ಹೆದರಸಬ್ಯಾಡ.”

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಅನುಮಾನ ಅವಳಿಗೂ ಇತ್ತು. ತಾನು ತಪ್ಪು ಹುಡುಕುತ್ತಿರುವುದು ರೋಗಿಗಳಿಗಾಗಿಯೋ, ತನಗಾಗಿಯೋ? ಮಲಗುವ ಕೋಣೆಯ ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದನ್ನು ಇಬ್ಬರೂ ಆಮೇಲೆ ನೋಡಿದರು. ಅವಳ ಬಲಗಿವಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತಲ್ಲ.

“ಅಣ್ಣಾ, ಹೆದರಸ್ಲಿಬಿಡು,” ಎಂದಳು ಅವಳು. “ವೈನಿ, ಅವತ್ತ ಪರದೆ ಮುಂದ ನೀನ ಕುಂದರಬೇಕು. ಬ್ಯಾರೇದಾವ್ರು ಬ್ಯಾಡ.”

ಆ ಮೂರೂ ಆಪರೇಶನ್ ಮಾಡಿದ್ದ ಡಾಕ್ಟರ್ ಬಿಂದುಮಾಧವ ಗಲಗಲಿ ನೀಲಾಳ ಮಾತನ್ನು ನಿಂತುಕೊಂಡೇ ಕೇಳಿದರು. ಅವಳನ್ನು ಕೂರಲು ಹೇಳಲಿಲ್ಲ. ಕಂಪನಿಯವರು ಅವರಿಗೆ ಆಗಲೇ ಏನೋ ಹೇಳಿದ್ದಾರೆಂದು ಅವಳಿಗೆ ಅರ್ಥವಾಯಿತು.

“ಮೂರು ಮಂದಿಗೆ ಬಾವು ಬಂದದ. ನೂರರಾಗ ಅಷ್ಟು ಮಂದಿಗೆ ಬಂದ ಬರ್ತದ. ಇದರಾಗ ಮಶೀನಿಂದೇನು?”

“ಮೂವರ ಗೆರಿನೂ ಒಂದ ನಮೂನಿ ಶಾಂತ ಇತ್ತುರಿ ಸರ್. ಜೀವಂತ ನರ ಅಷ್ಟು ಶಾಂತ ಇರೂದಿಲ್ಲ.”

“ಇದು ನಿಮ್ಮ ಅನಿಸಿಕೆ. ಪುರಾವೆ?”

“ಒಂದ ಸಣ್ಣ ಪರೀಕ್ಷಾ ಮಾಡ್ರಿ. ಮಶೀನ್ ಕಲತ ಮ್ಯಾಲೆ ಕೆನ್ನಿ ವೈರು ಹತ್ತು ಸೆಕೆಂಡು ಕಿತ್ತು ನೋಡ್ರಿ. ಗೆರಿ ಹೋಗಬೇಕು. ಹೋಗಲಿಲ್ಲಂದ್ರ ಅದು ತನ್ನ ಮನಸಿನಿಂದ ಬರಿಯಾಕತ್ತೈತಿ ಅಂತ ಅರ್ಥ.”

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಇಪ್ಪತ್ತೆರಡರ ಪೇಷಂಟು ನಿಮ್ಮ ನಾದಿನಿ ಅಂತ ಕೇಳಿದೆ. ಮತ್ತ ನೀವು ಅವತ್ತ ಕೂಡಬಾರದು.”

“ಎಲ್ಲಾ ಮಶೀನ್ ನೋಡ್ತದಲ್ರಿ. ಯಾರು ಕುಂತರೇನು?”

ಅವರಿಗೆ ಒಲ್ಲದ ನಗು ಬಂತು. “ಆಯ್ತು. ಆದರ ಒಂದು ಹೇಳ್ತೀನಿ. ಪರೀಕ್ಷಾದಾಗ ಮಶೀನ್ ಪಾಸಾದ್ರ, ಆಮ್ಯಾಲೆ ನನ್ನ ಕಿವ್ಯಾಗ ಸಂಶಯದ ಮಾತು ಬೀಳಬಾರದು.”

ಇಪ್ಪತ್ತೆರಡರ ಮುಂಜಾನೆ ಎಂಟಕ್ಕೆ ನೀಲಾ ನಿಗಾ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ನಿಶ್ಚಲನೂ ಬಂದು ಅವಳ ಹಿಂದೆ ಕುರ್ಚಿ ಹಾಕಿಕೊಂಡ. ಬೆಂಗಳೂರಿನಿಂದ ಇದಕ್ಕಾಗಿಯೇ ಬಂದಿದ್ದನೋ ಏನೋ, ಅವಳು ಕೇಳಲಿಲ್ಲ. ಪರದೆಯಲ್ಲಿ ನೀಲಿ ಬಟ್ಟೆಯ ರಾಶಿಯ ನಡುವೆ ಬೋಳಿಸಿದ ಅಂಗೈಯಗಲದ ಚರ್ಮ ಕಾಣುತ್ತಿತ್ತು. ಅದು ದಾಕ್ಷಾಯಣಿ.

ಅರ್ಧ ಗಂಟೆಗೆ ‘ಸಾಕ್ಷಿ’ ತನ್ನ ಪಾಠ ಮುಗಿಸಿತು. ಡಾಕ್ಟರ ದನಿ ಕೇಳಿಸಿತು: “ಸುವಾರ್ತಾ, ಕೆನ್ನಿ ವೈರು ತಗೀರಿ.”

ಹಸಿರು ಗೆರೆ ಆ ಕ್ಷಣವೇ ಮಾಯವಾಯಿತು. ಅದರ ಜಾಗದಲ್ಲಿ ಕೆಂಪಕ್ಷರ ಬಂತು: ವೈರು ಸಂಪರ್ಕವಿಲ್ಲ. ವೈರು ಮತ್ತೆ ಸಿಕ್ಕಿಸಿದಾಗ ಗೆರೆ ಮೊದಲಿನಂತೆಯೇ ಬಂತು.

“ಪಾಸಾತು, ನೀಲಾಂಬಿಕಾ,” ಎಂದರು ಡಾಕ್ಟರು. ಥಿಯೇಟರಿನಲ್ಲಿ ಯಾರೋ ನಕ್ಕರು. ನಿಶ್ಚಲ ನಗಲಿಲ್ಲ, ಆದರೆ ಕುರ್ಚಿಗೆ ಒರಗಿಕೊಂಡ. ನೀಲಾಳ ಕಿವಿ ಬಿಸಿಯಾದವು. ಗಂಡ ಹೇಳಿದ್ದು ನಿಜವಿರಬೇಕು ಅನಿಸಿತು. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಎದೆಯಿಂದ ಕಲ್ಲು ಇಳಿದ ಹಾಗೆ. ದಾಕ್ಷಿಗೆ ಏನೂ ಆಗುವುದಿಲ್ಲ.

ಮೂರು ತಾಸು ಕಳೆದವು. ಗಡ್ಡೆಯ ಒಳಗನ್ನೆಲ್ಲ ಬರಿದು ಮಾಡಿ ಡಾಕ್ಟರು ಈಗ ಸಿಪ್ಪೆಗೆ ಬಂದಿದ್ದರು. ಸಿಪ್ಪೆಯ ಮೇಲೆಯೇ ಎಲ್ಲೋ ನರ. ಹೀರುವ ಕೊಳವೆ ನಿಲ್ಲದೆ ಗುಂಯ್ ಎನ್ನುತ್ತಿತ್ತು, ನಡುನಡುವೆ ಚಿಮಟ ಚುರ್ ಎನ್ನುತ್ತಿತ್ತು. ಮೇಲಿನ ಗೆರೆ ಮುಖದ್ದು, ಕೆಳಗಿನದು ಹೆಬ್ಬೆರಳಿನದು. ಎರಡೂ ಹಸಿರು.

ಅಷ್ಟರಲ್ಲಿ ಅರಿವಳಿಕೆಯ ಡಾಕ್ಟರ ಮಾತು ಕೇಳಿಸಿತು. “ಸರ್, ಪೇಷಂಟು ಸ್ವಲ್ಪ ಹೆಗಲು ಆಡಿಸಿದ್ರು. ಸ್ನಾಯು ಸಡಿಲ ಆಗ್ಲಿಕ್ಕೆ ಚೂರು ಔಷಧ ಕೊಟ್ಟೀನಿ. ಹತ್ತು ನಿಮಿಷ ಗೆರಿ ಇಳೀತಾವ, ಗಾಬರಿ ಆಗಬ್ಯಾಡ್ರಿ.”

ಸ್ನಾಯು ಸಡಿಲವಾದರೆ ವಿದ್ಯುತ್ತಿಗೆ ಅದರ ಉತ್ತರವೂ ಸಣ್ಣದಾಗುತ್ತದೆ. ನೀಲಾ ನೋಡುತ್ತಿದ್ದಂತೆ ಹೆಬ್ಬೆರಳಿನ ಅಲೆ ಇಳಿಯಿತು. ಮುಕ್ಕಾಲಾಯಿತು, ಅರ್ಧವಾಯಿತು. ಅವಳು ಮೇಲಿನ ಗೆರೆ ನೋಡಿದಳು.

ಮುಖದ ಅಲೆ ಇಳಿದಿರಲಿಲ್ಲ.

ಇನ್ನೂ ಎರಡು ಸಲ ವಿದ್ಯುತ್ತು ಹೋಗುವವರೆಗೆ ಕಾದಳು. ಹೆಬ್ಬೆರಳು ಇನ್ನಷ್ಟು ಕುಗ್ಗಿತು. ಮುಖದ ಅಲೆ ಮುಂಜಾನೆಯಷ್ಟೇ ಎತ್ತರ, ಮುಂಜಾನೆಯಷ್ಟೇ ಚೆಂದ.

“ಸರ್, ಕೈ ತಗೀರಿ!”

“ಏನಾತು? ಹಸಿರು ಅದ ಅಲ್ಲ?”

“ಅದಕ್ಕ ತಗೀರಿ ಅನ್ನಾಕತ್ತೀನಿ. ಹೆಬ್ಬಟ್ಟು ಅರ್ಧಾ ಇಳದೈತಿ, ಮಾರಿ ಕೂದಲೆಳಿಯಷ್ಟೂ ಇಳದಿಲ್ಲ. ಒಂದ ಔಷಧ, ಒಂದ ಮೈ. ಕೈಗೆ ಹತ್ತಿದ್ದು ಮಾರಿಗೆ ಹೆಂಗ ಹತ್ತೂದಿಲ್ರಿ?”

“ಮೇಡಂ, ದಯವಿಟ್ಟು...” ಎಂದು ನಿಶ್ಚಲ ಮೈಕಿಗೆ ಕೈ ಚಾಚಿದ. ನೀಲಾ ಮೈಕನ್ನು ಎದೆಗವಚಿಕೊಂಡಳು. “ಆಮ್ಯಾಲೆ ಬೈರಿ ಸರ್, ಬೇಕಾದ್ರ ನೌಕರಿಯಿಂದ ತಗೀರಿ. ಈಗ ಕೈ ತಗೀರಿ.”

ಕೊಳವೆಯ ಸದ್ದು ನಿಂತಿತು. ಹೆಬ್ಬೆರಳು ಇಳಿದದ್ದನ್ನು ಡಾಕ್ಟರು ತಮ್ಮ ಪರದೆಯಲ್ಲಿ ತಾವೇ ನೋಡಿಕೊಂಡರು.

“ಸುವಾರ್ತಾ, ಹಳೇ ಕೈಕಡ್ಡಿ ಕೊಡ್ರಿ. ಸ್ಪೀಕರಿಗೆ ನೇರ ಹಚ್ಚರಿ, ಸಾಕ್ಷಿ ಮೂಲಕ ಬ್ಯಾಡ.”

ಆ ಕಡ್ಡಿಯ ತುದಿಯಿಂದ ನರದ ಬುಡಕ್ಕೇ ಸಣ್ಣ ವಿದ್ಯುತ್ತು ಮುಟ್ಟಿಸಬಹುದು. ನರ ಬದುಕಿದ್ದರೆ ಸ್ಪೀಕರಿನಲ್ಲಿ ಠಕ್ ಠಕ್ ಎಂದು ಕೇಳಿಸಬೇಕು. ಡಾಕ್ಟರು ಮುಟ್ಟಿಸಿದರು. ಬರೀ ಸೂಂ ಎಂಬ ಸದ್ದು. ವಿದ್ಯುತ್ತು ಎರಡು ಪಟ್ಟು ಮಾಡಿದರು, ನಾಲ್ಕು ಪಟ್ಟು ಮಾಡಿದರು. ಔಷಧದಿಂದ ಅರ್ಧ ಕುಗ್ಗಬೇಕಾದದ್ದು ಪೂರಾ ಇಲ್ಲ. ಆರು ಪಟ್ಟು ಮಾಡಿದಾಗ ಎಲ್ಲೋ ದೂರದಲ್ಲಿ ಉಗುರು ತಾಕಿದ ಹಾಗೊಂದು ಸದ್ದು ಬಂತು. ಪರದೆಯ ಮೇಲೆ ಮಾತ್ರ ಮುಖದ ಗೆರೆ ಹಸಿರಾಗಿಯೇ ಏಳುತ್ತ ಬೀಳುತ್ತ ಇತ್ತು.

“ಆ ಪರದಿ ಆರಸ್ರಿ ಯಾರರೆ,” ಎಂದರು ಡಾಕ್ಟರು.

ಬೆಚ್ಚಗಿನ ಉಪ್ಪುನೀರು ಬಿಟ್ಟು ಇಪ್ಪತ್ತು ನಿಮಿಷ ಏನನ್ನೂ ಮುಟ್ಟದೆ ಕಾದರು. ಔಷಧದ ಪ್ರಭಾವ ಇಳಿಯಿತು. ಸ್ಪೀಕರಿನಲ್ಲಿ ಸದ್ದು ತುಸು ಗಟ್ಟಿಯಾಯಿತು, ಆದರೆ ಪೂರ್ತಿ ಬರಲಿಲ್ಲ. ನರಕ್ಕೆ ಅಂಟಿದ ಚೂರನ್ನು, ಅಲಸಂದಿ ಕಾಳಿನಷ್ಟನ್ನು, ಹಾಗೆಯೇ ಬಿಟ್ಟು ಡಾಕ್ಟರು ತಲೆ ಮುಚ್ಚಿದರು.

ನಿಶ್ಚಲ ಹೊರಡುವಾಗ ನೀಲಾಳ ಮುಖ ನೋಡಲಿಲ್ಲ. ಬಾಗಿಲ ಹತ್ತಿರ ನಿಂತು ಹೇಳಿದ. “ಅದು ಸುಳ್ಳು ಹೇಳಲ್ಲ ಮೇಡಂ. ವೈರು ಕಿತ್ರೆ ಅದಕ್ಕೆ ಗೊತ್ತಾಗುತ್ತೆ, ದೂರದ ಹೆಬ್ಬೆರಳಿಗೆ ಗದ್ದಲ ಮುಟ್ಟಲ್ಲ. ಮುಖದ ಹತ್ತಿರದ ಗದ್ದಲದಲ್ಲಿ ಉತ್ತರ ಕೇಳಿಸದಿದ್ರೆ ಹಿಂದಿನದನ್ನೇ ಇಟ್ಕೊಂಡು ಅಂದಾಜು ತೋರಿಸುತ್ತೆ. ಗದ್ದಲ ನಿಂತ ಮೇಲೂ ಕೆಲವು ನಿಮಿಷ. ಕೈಪಿಡಿಯಲ್ಲಿ ಬರೆದಿದೆ.”

“ಅಂದಾಜಂದ್ರ ಬಣ್ಣ ಯಾಕ ಬ್ಯಾರೆ ಇಲ್ಲ?”

“ಮೊದಲು ಹಳದಿ ಇತ್ತು. ಡಾಕ್ಟರುಗಳೇ ಬೇಡ ಅಂದ್ರು. ಪದೇ ಪದೇ ಹಳದಿ ಬಂದ್ರೆ ಕೆಲಸ ಸಾಗಲ್ಲ ಅಂತ.”

ಹಾಗೆ ಬರೆದುಕೊಟ್ಟವರ ಪಟ್ಟಿಯಲ್ಲಿ ಡಾಕ್ಟರ್ ಗಲಗಲಿಯವರ ಸಹಿಯೂ ಇತ್ತೆಂಬುದು ಆಮೇಲೆ ಆಸ್ಪತ್ರೆ ನಡೆಸಿದ ತನಿಖೆಯಲ್ಲಿ ಹೊರಬಂತು. ಅವರು ಅದನ್ನು ಮುಚ್ಚಿಡಲಿಲ್ಲ. ನವಲಗುಂದದ ಮಾಸ್ತರರನ್ನೂ ಇನ್ನಿಬ್ಬರನ್ನೂ ಕರೆಸಿ, ಬಾಗಿಲು ಹಾಕಿಕೊಂಡು ಒಬ್ಬೊಬ್ಬರ ಜೊತೆ ಒಂದು ತಾಸು ಮಾತಾಡಿದರು. ಒಳಗೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಮಾಸ್ತರರು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು ಎಂದು ಸುವಾರ್ತಾ ಹೇಳಿದಳು. ಹಳದಿ ಬಣ್ಣ ಮರಳಿ ಬಂತು. ನೀಲಾಳ ಕುರ್ಚಿ ಮರಳಿ ಥಿಯೇಟರಿಗೆ ಬಂತು.

ಮನೆಯಲ್ಲಿ ಮಾತ್ರ ಯಾವುದೂ ಸರಿಯಾಗಲಿಲ್ಲ. ದಾಕ್ಷಾಯಣಿಯ ಎಡಮುಖ ಜೋತುಬಿದ್ದಿತ್ತು. ರಾತ್ರಿ ಕಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಅಂಟಿಸಿ ಮಲಗಬೇಕು. ಎಡಗಿವಿ ಪೂರ್ತಿ ಹೋಗಿತ್ತು. ಇವೆಲ್ಲಕ್ಕಿಂತ ಅವಳನ್ನು ಕೊರೆದದ್ದು ಒಳಗೆ ಉಳಿದ ಕಾಳು.

ದಾಕ್ಷಾಯಣಿಯ ಅತ್ತೆ ನೀಲಾಳ ಎದುರೇ ಅಂದರು. “ಡಾಕ್ಟರು ಪೂರಾ ತಗೀತಿದ್ರಂತ. ಈಕಿನ ಚೀರಿ ನಿಂದ್ರಿಸಿದ್ಳಂತ. ಮಾರಿ ಹೆಂಗಿದ್ರೂ ಸೊಟ್ಟಾತು, ಗಡ್ಡಿನೂ ಉಳೀತು. ಮಶೀನಿನ ಮ್ಯಾಲಿನ ಹಟಕ್ಕ ನಮ್ಮ ಹುಡುಗಿ ಬಲಿ.”

ದಾಕ್ಷಾಯಣಿ ಅತ್ತೆಯನ್ನು ಸುಮ್ಮನಿರಿಸಲಿಲ್ಲ. ನೀಲಾಳತ್ತ ಒಂದೇ ಕಣ್ಣು ಮಿಟುಕಿಸುತ್ತ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅಲ್ಲಿಂದ ಐದು ತಿಂಗಳು ಅವಳು ವೈನಿಯ ಫೋನು ಎತ್ತಲಿಲ್ಲ. ಅಣ್ಣನ ಜೊತೆ ಮಾತಾಡುತ್ತಿದ್ದಳು. ಕಣ್ಣು ಅರ್ಧ ಮುಚ್ಚುತ್ತಿದೆಯಂತೆ, ತುಟಿ ಚೂರು ಎಳೆಯುತ್ತಿದೆಯಂತೆ ಎಂಬ ಸುದ್ದಿ ಫಕೀರೇಶನ ಬಾಯಿಂದ ಬರುತ್ತಿತ್ತು. ಅವನು ಹೇಳುವಾಗ ಹೆಂಡತಿಯ ಮುಖವನ್ನು ಓರೆಯಾಗಿ ನೋಡುತ್ತಿದ್ದ. ಹಿಂದೆ ಅಂದ ಮಾತನ್ನು ಅವನು ಹಿಂತೆಗೆದುಕೊಳ್ಳಲಿಲ್ಲ, ಮತ್ತೆ ಆಡಲೂ ಇಲ್ಲ.

ಆರನೆಯ ತಿಂಗಳ ಸ್ಕ್ಯಾನಿನ ದಿನ ದಾಕ್ಷಾಯಣಿ ಒಬ್ಬಳೇ ಬಂದಳು. ನೀಲಾ ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗಿ, ಎರಡು ಕುರ್ಚಿ ಬಿಟ್ಟು ಕೂತಳು. ನಾದಿನಿಯ ಬಲಗಿವಿಯ ಕಡೆ.

ದಾಕ್ಷಾಯಣಿಯೇ ಮೊದಲು ಕೇಳಿದಳು.

“ವೈನಿ, ಖರೇ ಹೇಳು. ನೀ ಅವತ್ತ ನಿಂದ್ರಿಸದಿದ್ರ ಏನಾಗ್ತಿತ್ತು?”

ನೀಲಾ ಈ ಪ್ರಶ್ನೆಗೆ ಆರು ತಿಂಗಳಿಂದ ಉತ್ತರ ಕಟ್ಟುತ್ತಿದ್ದಳು. ನಿನ್ನ ಮುಖ ಶಾಶ್ವತವಾಗಿ ಹೋಗುತ್ತಿತ್ತು ಎನ್ನಬಹುದಿತ್ತು. ತನಿಖೆಯ ವರದಿ ಅದನ್ನೇ ಹೆಚ್ಚುಕಡಿಮೆ ಹೇಳಿತ್ತು.

“ಗೊತ್ತಿಲ್ಲ ದಾಕ್ಷಿ. ನರ ಹರೀತಿತ್ತು ಅಂತ ನನಗ ಅನಸ್ತೈತಿ. ಹರೀದನೂ ಇರಬಹುದಿತ್ತು. ಗಡ್ಡಿ ಪೂರಾ ಹೊರಗ ಬರ್ತಿತ್ತೇನೋ.”

“ಮತ್ತ ಉಳದದ್ದು ಬೆಳೀತೈತೇನು?”

“ಅದೂ ಗೊತ್ತಿಲ್ಲ. ಅದನ್ನ ನೋಡಾಕ ಬಂದೀವಿ.”

ದಾಕ್ಷಾಯಣಿ ತಲೆಯಾಡಿಸಿದಳು. ಅವಳ ಎಡಗಣ್ಣು ಬಲಗಣ್ಣಿಗಿಂತ ತುಸು ತಡವಾಗಿ ಮುಚ್ಚಿ ತೆರೆಯಿತು. “ಎಲ್ಲಾರೂ ಏನೂ ಆಗೂದಿಲ್ಲ ಅಂತನ ಹೇಳಿದ್ರು ನನಗ. ಡಾಕ್ಟರು, ಅಣ್ಣ, ನಮ್ಮತ್ತಿ. ಈಗೂ ಅದನ್ನ ಹೇಳ್ತಾರ. ಕೇಳಿ ಕೇಳಿ ಯಾರನ್ನ ನಂಬಬೇಕೋ ತಿಳೀದಂಗಾತು.”

ಒಳಗಿನಿಂದ ಅವಳ ಹೆಸರು ಕರೆದರು. “ಮೈ ಮ್ಯಾಲಿನ ಬೆಳ್ಳಿ ಬಂಗಾರ ಎಲ್ಲಾ ತಗದು ಮನಿಯವರ ಕೈಯಾಗ ಕೊಟ್ಟ ಬರ್ರಿ,” ಎಂದ ಟೆಕ್ನಿಶಿಯನ್.

ದಾಕ್ಷಾಯಣಿ ಎದ್ದು ಬಂದು ನೀಲಾಳ ಮುಂದೆ ನಿಂತಳು. ಕಿವಿಯ ಬೆಂಡೋಲಿ ಬಿಚ್ಚಿ ಕೊಟ್ಟಳು. ತಾಳಿ ತೆಗೆದು ಕೊಟ್ಟಳು. ಕಡೆಗೆ ಕೊರಳಿನ ಶಿವದಾರವನ್ನು ಎರಡೂ ಕೈಯಿಂದ ಎತ್ತಿ, ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಹಣೆಗೊತ್ತಿಕೊಂಡು, ವೈನಿಯ ಬೊಗಸೆಯಲ್ಲಿಟ್ಟಳು.

“ಕೆಳಗ ಇಡಬ್ಯಾಡ,” ಎಂದಳು. “ನಾ ಬರೂತನಕ ಕೈಯಾಗ ಹಿಡಕೊಂಡಿರು.”

“ಹಿಡಕೊಂಡಿರ್ತೀನಿ, ನೀ ಹೋಗಿ ಬಾ.”

ದಪ್ಪ ಬಾಗಿಲು ಮುಚ್ಚಿಕೊಂಡಿತು. ತುಸು ಹೊತ್ತಿಗೆ ಗೋಡೆಯಾಚೆ ಯಂತ್ರ ದಡದಡ ಬಡಿದುಕೊಳ್ಳತೊಡಗಿತು. ಥಿಯೇಟರಿನಿಂದ ಫೋನು ಬಂತು. ನೀಲಾ ಎತ್ತಲಿಲ್ಲ. ಅವಳ ಎರಡೂ ಕೈ ತುಂಬಿದ್ದವು.